ಏರ್‌ಸಾಫ್ಟ್ ಗನ್ನಿನ ಪವರ್ ಅಳೆಯುವುದು ಹೇಗೆ? ಸ್ಪ್ರಿಂಗ್, ಎಇಜಿ, ಗ್ಯಾಸ್, ಎಚ್‌ಪಿಎ ಎಲ್ಲಕ್ಕೂ ಒಂದು ಸಮಗ್ರ ಮಾರ್ಗದರ್ಶಿ

ಏರ್‌ಸಾಫ್ಟ್ ಅಂದರೆ ಸಣ್ಣ ಪ್ಲಾಸ್ಟಿಕ್ ಗುಂಡು ಹೊಡೆಯುವ ಆಟದ ಗನ್ನು. ಅದರ ಡಬ್ಬಿಯ ಮೇಲೆ 350 ಎಫ್‌ಪಿಎಸ್ ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಯಾವ ತೂಕದ ಬಿಬಿ (ಆ ಪ್ಲಾಸ್ಟಿಕ್ ಗುಂಡಿನ ಹೆಸರು) ಹಾಕಿದಾಗ ಅಂತ ಕೇಳಿದರೆ ಉತ್ತರ ಇರುವುದಿಲ್ಲ, ಇದ್ದರೂ ಎಲ್ಲೋ ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ಬಿಬಿ ತೂಕ ಹೇಳದೆ ಎಫ್‌ಪಿಎಸ್ ಹೇಳುವುದು, ಗ್ರಾಮೋ ಕಿಲೋನೋ ಹೇಳದೆ ಅಂಗಡಿಯಲ್ಲಿ "ಎರಡು ಕೊಡಿ" ಅಂದ ಹಾಗೆ. ಅರ್ಧ ಮಾತು ಅಷ್ಟೇ.

ಎಫ್‌ಪಿಎಸ್ ಅಂದರೆ ಬಿಬಿ ಒಂದು ಸೆಕೆಂಡಿಗೆ ಎಷ್ಟು ಅಡಿ ಹೋಗುತ್ತದೆ ಅನ್ನುವ ವೇಗ. ಮೈಗೆ ತಾಗಿದಾಗ ಏಟು ಎಷ್ಟು ಜೋರು ಅನ್ನುವುದು ವೇಗದ ಜೊತೆ ತೂಕವನ್ನೂ ನಂಬಿಕೊಂಡಿದೆ. ಅದನ್ನು ಅಳೆಯುವುದು ಜೂಲ್‌ನಲ್ಲಿ. ಕಾನೂನು ಇರುವ ಹಲವು ದೇಶಗಳೂ ಜೂಲ್‌ನಲ್ಲೇ ಮಾತಾಡುತ್ತವೆ. ಜಪಾನಿನಲ್ಲಿ 6 ಮಿಮೀ ಬಿಬಿಗೆ 0.98 ಜೂಲ್ ಮಿತಿ. ಬ್ರಿಟನ್‌ನಲ್ಲಿ 2017ರ ಕಾನೂನಿನ ಪ್ರಕಾರ ಫುಲ್ ಆಟೋ ಗನ್ನಿಗೆ 1.3 ಜೂಲ್, ಒಂದೊಂದೇ ಗುಂಡು ಹೊಡೆಯುವ ಗನ್ನಿಗೆ 2.5 ಜೂಲ್. ನಿಮ್ಮ ಜಾಗದ ಕಾನೂನು ಏನು, ನೀವು ಆಡುವ ಮೈದಾನದ ಮಿತಿ ಎಷ್ಟು ಅನ್ನುವುದನ್ನು ಮೊದಲು ಕೇಳಿ ತಿಳಿದುಕೊಳ್ಳಿ. ಕೇಳುವಾಗ "ಎಷ್ಟು ಎಫ್‌ಪಿಎಸ್" ಅಂತಷ್ಟೇ ಕೇಳಬೇಡಿ. ಯಾವ ಬಿಬಿಯಲ್ಲಿ, ಹಾಪ್ (ಬಿಬಿಗೆ ಸುತ್ತು ಕೊಡುವ ರಬ್ಬರು, ಮುಂದೆ ಹೇಳುತ್ತೇನೆ) ಹಾಕಿಯೋ ತೆಗೆದೋ, ಅದನ್ನೂ ಕೇಳಿ.

ಲೆಕ್ಕ, ಒಂದೇ ಸಲ ಮುಗಿಸಿಬಿಡೋಣ

ಶಾಲೆಯಲ್ಲಿ ಕಲಿತದ್ದೇ. ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. ತೂಕ ಕಿಲೋಗ್ರಾಂನಲ್ಲಿ, ವೇಗ ಸೆಕೆಂಡಿಗೆ ಮೀಟರಿನಲ್ಲಿ. ಆದರೆ ನಮ್ಮ ಕೈಯಲ್ಲಿರುವುದು ಗ್ರಾಂ ಮತ್ತು ಅಡಿ. ಅದಕ್ಕೆ ಸುಲಭದ ದಾರಿ ಇದು:

ಎಫ್‌ಪಿಎಸ್ × ಎಫ್‌ಪಿಎಸ್ × ಬಿಬಿಯ ಗ್ರಾಂ ÷ 21528 = ಜೂಲ್

0.20 ಗ್ರಾಂ ಬಿಬಿ 350 ಎಫ್‌ಪಿಎಸ್‌ನಲ್ಲಿ ಹೋದರೆ 350 × 350 × 0.20 ÷ 21528, ಅಂದರೆ 1.14 ಜೂಲ್. ಅದೇ ಬಿಬಿ 400ರಲ್ಲಿ ಹೋದರೆ 1.49. ವೇಗ ಏರಿದ್ದು ಏಳರಲ್ಲಿ ಒಂದು ಪಾಲು, ಏಟು ಏರಿದ್ದು ಹತ್ತಿರಹತ್ತಿರ ಮೂರರಲ್ಲಿ ಒಂದು ಪಾಲು. ವೇಗ ವರ್ಗವಾಗುವುದರಿಂದ ಹೀಗೆ. ಅಳತೆಯಲ್ಲಿ ಶೇಕಡಾ 2ರಷ್ಟು ತಪ್ಪಿದರೂ ಜೂಲ್‌ನಲ್ಲಿ ಶೇಕಡಾ 4 ತಪ್ಪುತ್ತದೆ. ನೆನಪಿಡಲು ಒಂದು ಸುಲಭದ ಗುರುತು ಬೇಕಿದ್ದರೆ, 0.20 ಬಿಬಿ 328 ಎಫ್‌ಪಿಎಸ್‌ನಲ್ಲಿ ಹೋದರೆ ಸೆಕೆಂಡಿಗೆ ಸರಿಯಾಗಿ 100 ಮೀಟರ್, ಸರಿಯಾಗಿ 1 ಜೂಲ್.

ಅದೇ 1.14 ಜೂಲ್ 0.25 ಬಿಬಿಯಲ್ಲಿ 313 ಎಫ್‌ಪಿಎಸ್ ಆಗಿ ಕಾಣುತ್ತದೆ. 0.28ರಲ್ಲಿ 296. 0.30ರಲ್ಲಿ 286. 0.40ರಲ್ಲಿ ಬರೀ 247 ಚಿಲ್ಲರೆ. ಅಂದರೆ 0.40 ಹಾಕಿಕೊಂಡು ಬಂದು "ನನ್ನ ಗನ್ನು 340 ಅಷ್ಟೇ ಸಾರ್" ಅನ್ನುವವನ ಗನ್ನು 2.15 ಜೂಲ್ ಹೊಡೆಯುತ್ತಿದೆ! ಹೇಳಿದ ಸಂಖ್ಯೆ ಸುಳ್ಳಲ್ಲ, ಆದರೆ ಕೇಳಿದವರು 0.20 ಅಂದುಕೊಂಡಿರುತ್ತಾರೆ.

ಕ್ರೋನೋ ಮೇಜಿಗೆ ಹೋಗುವ ಮೊದಲು

ವೇಗ ಅಳೆಯುವ ಯಂತ್ರ ಕ್ರೋನೋಗ್ರಾಫ್. ಎಲ್ಲರೂ ಕ್ರೋನೋ ಅಂತಲೇ ಕರೆಯುತ್ತಾರೆ. ಆಟದ ಮೈದಾನದಲ್ಲಿ ಎಲ್ಲರೂ ಎಚ್ಚರವಾಗಿರುತ್ತಾರೆ, ಈ ಮೇಜಿನ ಹತ್ತಿರ ಮಾತ್ರ ಯಾರಿಗೂ ಎಚ್ಚರ ಇರುವುದಿಲ್ಲ. ಹರಟೆ, ನಗು, ಕೈಯಲ್ಲಿ ಗುಂಡು ತುಂಬಿದ ಗನ್ನು.

ನನ್ನದೇ ಕಥೆ ಹೇಳುತ್ತೇನೆ. ಕ್ರೋನೋದ ಪರದೆ ಸಣ್ಣದಿತ್ತು, ಬಿಸಿಲಿತ್ತು, ಅಂಕಿ ಕಾಣಲಿಲ್ಲ. ಗಾಗಲ್ಸ್ ಹಣೆಗೆ ಏರಿಸಿ ಬಗ್ಗಿ ನೋಡಿದೆ. ಎರಡೇ ಸೆಕೆಂಡು. ಪಕ್ಕದಲ್ಲಿ ಒಬ್ಬರು ಅದೇ ಹೊತ್ತಿಗೆ ಹೊಡೆದರು, ಹಿಂದಿದ್ದದ್ದು ಗಟ್ಟಿ ಹಲಗೆ. ಬಿಬಿ ಒಡೆದು ಅದರ ಚೂರು ಬಂದು ಕಣ್ಣಿನ ಕೆಳಗೆ, ಮೂಳೆಯ ಮೇಲೆ ಚುಚ್ಚಿತು. ಒಂದು ಬೆರಳು ಮೇಲೆ ಬಿದ್ದಿದ್ದರೆ ಇವತ್ತು ಇದನ್ನು ಒಂದೇ ಕಣ್ಣಿನಲ್ಲಿ ಟೈಪ್ ಮಾಡುತ್ತಿದ್ದೆ. ಆ ಗಾಯ ಒಂದು ವಾರದಲ್ಲಿ ಮಾಯಿತು, ಆಮೇಲೆ ನಾನು ಗಾಗಲ್ಸ್ ಎತ್ತಿದ್ದು ನೆನಪಿಲ್ಲ.

ಆದ್ದರಿಂದ ಹೊಡೆಯುವವರು, ನೋಡುವವರು, ಸುಮ್ನೆ ನಿಂತಿರುವವರು, ಎಲ್ಲರ ಕಣ್ಣಿಗೂ ಮುಚ್ಚಳ ಇರಲೇಬೇಕು. ಸುತ್ತಲೂ ಮುಖಕ್ಕೆ ಅಂಟಿ ಕೂರುವ ಗಾಗಲ್ಸ್ ಬೇಕು, ಆನ್ಸಿ ಝೆಡ್87.1 ಅಥವಾ ಇಎನ್ 166 ಗುರುತು ಇದ್ದರೆ ಒಳ್ಳೆಯದು. ಓದುವ ಕನ್ನಡಕ ನಡೆಯುವುದಿಲ್ಲ, ತಂಪು ಕನ್ನಡಕವೂ ನಡೆಯುವುದಿಲ್ಲ. ಜಾಲರಿಯ ಗಾಗಲ್ಸ್‌ನಲ್ಲಿ ಇಡೀ ಬಿಬಿ ನುಗ್ಗದಿದ್ದರೂ ಒಡೆದ ಚೂರು ತೂರಿಬರಬಹುದು, ಹಾಗಾಗಿ ಕ್ರೋನೋ ಹತ್ತಿರ ನನಗೆ ಅದು ಇಷ್ಟವಿಲ್ಲ.

ಇನ್ನು ಬಿಬಿ ಹೋಗಿ ಬೀಳುವ ಜಾಗ. ಗೋಡೆ, ತಗಡು, ಹಲಗೆ ಬೇಡ. ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ತೆಗೆದುಕೊಂಡು ಅದರ ತುಂಬ ಹಳೆ ಬಟ್ಟೆ ತುರುಕಿ. ಮುಂದುಗಡೆ ಒಂದು ಹಳೆ ಟವೆಲ್ಲನ್ನು ಸಡಿಲವಾಗಿ ಇಳಿಬಿಡಿ, ಬಿಗಿಯಾಗಿ ಕಟ್ಟಬೇಡಿ. ಸಡಿಲ ಬಟ್ಟೆ ಬಿಬಿಯ ವೇಗವನ್ನು ನುಂಗಿ ಕೆಳಗೆ ಬೀಳಿಸುತ್ತದೆ, ಬಿಗಿ ಬಟ್ಟೆ ತಿರುಗಿ ಕಳಿಸುತ್ತದೆ. ಪೆಟ್ಟಿಗೆಯ ಹಿಂದೆ ಯಾರೂ ಓಡಾಡುವ ದಾರಿ ಇರಬಾರದು. ಬಾಗಿಲಂತೂ ಬೇಡವೇ ಬೇಡ.

ಗನ್ನನ್ನು ಮೇಜಿಗೆ ತರುವಾಗ ಮ್ಯಾಗಜಿನ್ ಹೊರಗೆ, ಸೇಫ್ಟಿ ಹಾಕಿರಬೇಕು, ನಳಿಗೆಯ ಬಾಯಿಗೆ ಬಟ್ಟೆ ಚೀಲ ತೊಡಿಸಿರಬೇಕು. ಅಳೆಯುವ ಸರದಿ ಬಂದಾಗ ಮಾತ್ರ ಚೀಲ ತೆಗೆದು ಮ್ಯಾಗಜಿನ್ ಹಾಕಿ. ಮುಗಿದ ಮೇಲೆ ಈ ಕ್ರಮ ತಪ್ಪಬಾರದು: ಮೊದಲು ಮ್ಯಾಗಜಿನ್ ತೆಗೆಯಿರಿ, ಆಮೇಲೆ ಪೆಟ್ಟಿಗೆಯ ಕಡೆ ಎರಡು ಮೂರು ಸಲ ಟ್ರಿಗರ್ ಒತ್ತಿ (ಗ್ಯಾಸ್ ಮ್ಯಾಗಜಿನ್ನಿನೊಳಗೇ ಇರುವ ಗನ್ನಾದರೆ ಬಿಬಿ ಇಲ್ಲದ ಮ್ಯಾಗಜಿನ್ ಹಾಕಿ ಒತ್ತಿ, ಮತ್ತೆ ತೆಗೆಯಿರಿ) ಒಳಗೆ ಉಳಿದ ಬಿಬಿಯನ್ನು ಹೊರಗೆ ಹಾಕಿ, ಆಮೇಲೆ ಸೇಫ್ಟಿ, ಆಮೇಲೆ ಚೀಲ. ಮ್ಯಾಗಜಿನ್ ತೆಗೆದ ಮೇಲೂ ನಳಿಗೆಯೊಳಗೆ ಒಂದು ಬಿಬಿ ಕೂತಿರಬಹುದು. "ಖಾಲಿ ಇತ್ತು" ಅನ್ನುವ ಗನ್ನಿನಿಂದ ಆಗುವ ಗಾಯ ಈ ಒಂದು ಬಿಬಿಯದ್ದೇ.

ನಳಿಗೆಯೊಳಗೆ ಇಣುಕಿ ನೋಡಬೇಡಿ. ಯಾವ ಕಾರಣಕ್ಕೂ.

ಬಿಬಿಯನ್ನು ತೂಗಿ ನೋಡಿ

ಈ ಹೆಜ್ಜೆಯನ್ನು ಹತ್ತರಲ್ಲಿ ಒಂಬತ್ತು ಮಂದಿ ಬಿಡುತ್ತಾರೆ ಅನ್ನುವುದು ನನ್ನ ಅಂದಾಜು. ಪ್ಯಾಕೆಟ್ ಮೇಲೆ 0.20 ಅಂತ ಇದ್ದ ಮಾತ್ರಕ್ಕೆ ಒಳಗೆ 0.20 ಇರಬೇಕೆಂದಿಲ್ಲ. 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಸಾಕು. ಒಂದೇ ಬಿಬಿ ಇಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ, ತಕ್ಕಡಿಯ ತಪ್ಪೇ ಬಿಬಿಯ ತಪ್ಪಿಗಿಂತ ದೊಡ್ಡದು. ನೂರು ಬಿಬಿ ಎಣಿಸಿ. ಒಂದು ಮುಚ್ಚಳ ಇಟ್ಟು ತಕ್ಕಡಿಯನ್ನು ಸೊನ್ನೆ ಮಾಡಿ, ನೂರನ್ನೂ ಸುರಿಯಿರಿ. 20.00 ಗ್ರಾಂ ಬಂದರೆ ಸರಿ. 19.4 ಬಂದರೆ ನಿಮ್ಮ ಬಿಬಿ 0.194. ಲೆಕ್ಕದಲ್ಲಿ ಅದನ್ನೇ ಹಾಕಿ. ನೂರು ಎಣಿಸುವುದು ಬೇಜಾರಿನ ಕೆಲಸ, ಹತ್ತರಂತೆ ಸಾಲು ಮಾಡಿಕೊಳ್ಳಿ, ಟೇಬಲ್ ಮೇಲೆ ಟವೆಲ್ ಹಾಸಿಕೊಳ್ಳಿ, ಇಲ್ಲದಿದ್ದರೆ ಮೂವತ್ತು ಬಿಬಿ ಮಂಚದ ಕೆಳಗೆ ಸಿಗುತ್ತವೆ.

ಕ್ರೋನೋ ಇಡುವ ರೀತಿ

ನಮ್ಮಲ್ಲಿ ಬಳಸುವ ಬಹುತೇಕ ಕ್ರೋನೋಗಳ ಒಳಗೆ ಕಣ್ಣಿಗೆ ಕಾಣದ ಬೆಳಕಿನ ಎರಡು ಗೆರೆಗಳಿರುತ್ತವೆ. ಬಿಬಿ ಮೊದಲ ಗೆರೆ ಕತ್ತರಿಸಿದಾಗ ಗಡಿಯಾರ ಶುರು, ಎರಡನೆಯದನ್ನು ಕತ್ತರಿಸಿದಾಗ ನಿಲುಗಡೆ. ನಡುವಿನ ದೂರ ಗೊತ್ತಿರುವುದರಿಂದ ವೇಗ ಸಿಗುತ್ತದೆ. ಅಷ್ಟೇ ಸರಳ. ಹಾಗಾಗಿ ತೊಂದರೆಗಳೂ ಸರಳ.

ನೇರ ಬಿಸಿಲು ಒಳಗೆ ಬಿದ್ದರೆ ಅಂಕಿ ಹುಚ್ಚುಹುಚ್ಚಾಗಿ ಬರುತ್ತದೆ, ನೆರಳಿಗೆ ಇಡಿ. ಬ್ಯಾಟರಿ ಇಳಿದಿದ್ದರೂ ಹಾಗೆಯೇ. ಗನ್ನಿಗೆ ಈಗತಾನೇ ಸಿಲಿಕೋನ್ ಎಣ್ಣೆ ಹೊಡೆದಿದ್ದರೆ ಮೊದಲ ಕೆಲವು ಗುಂಡಿನ ಜೊತೆ ಎಣ್ಣೆಯ ಮಂಜೂ ಬರುತ್ತದೆ, ಕ್ರೋನೋ ಅದನ್ನೇ ಬಿಬಿ ಅಂದುಕೊಳ್ಳಬಹುದು. ಅಂಥ ಗನ್ನಿನಿಂದ ಮೊದಲು ಹತ್ತು ಹದಿನೈದು ಗುಂಡು ಸುಮ್ನೆ ಪೆಟ್ಟಿಗೆಗೆ ಹೊಡೆದು, ಕ್ರೋನೋದ ಒಳಗೋಡೆಯನ್ನು ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಅಳೆಯಿರಿ.

ನಳಿಗೆಯ ಬಾಯಿಯನ್ನು ಕ್ರೋನೋದ ಬಾಯಿಗೆ ಹತ್ತಿರ ಹಿಡಿಯಿರಿ. ಬಿಬಿ ಹಗುರ, ಗಾಳಿಯಲ್ಲಿ ಬಹಳ ಬೇಗ ವೇಗ ಕಳೆದುಕೊಳ್ಳುತ್ತದೆ. ದೂರ ಹಿಡಿದರೆ ಕಡಿಮೆ ತೋರಿಸುತ್ತದೆ, ಕೆಲವರು ಬೇಕೆಂದೇ ಹಾಗೆ ಹಿಡಿಯುತ್ತಾರೆ ಅನ್ನುವುದು ಬೇರೆ ಮಾತು. ಹತ್ತಿರ ಅಂದರೆ ತುರುಕುವುದೂ ಅಲ್ಲ. ಎರಡೂ ಒಂದೇ ಗೆರೆಯಲ್ಲಿ ಇರಬೇಕು. ಓರೆಯಾದರೆ ಬಿಬಿ ಒಳಗಿನ ಸೆನ್ಸರಿಗೆ ಬಡಿದು ಯಂತ್ರವೇ ಹೋಗುತ್ತದೆ. ಗನ್ನನ್ನು ಮರಳುಚೀಲದ ಮೇಲೋ ಮಡಿಸಿದ ಬಟ್ಟೆಯ ಮೇಲೋ ಕೂರಿಸಿಕೊಂಡರೆ ಕೈ ನಡುಗುವ ಗೋಜಿಲ್ಲ.

ಕೊನೆಗೆ, ಕ್ರೋನೋದಲ್ಲಿ ಬಿಬಿ ತೂಕ ಎಷ್ಟಕ್ಕೆ ಹೊಂದಿಸಿದೆ ಅಂತ ನೋಡಿ. ಯಂತ್ರ ತೂಕವನ್ನು ಅಳೆಯುವುದಿಲ್ಲ, ನೀವು ಹೇಳಿದ್ದನ್ನು ನಂಬುತ್ತದೆ. ಹಿಂದಿನವರು 0.28 ಇಟ್ಟು ಹೋಗಿದ್ದರೆ ನಿಮ್ಮ 0.20ರ ಜೂಲ್ ಸುಮ್‌ಸುಮ್ನೆ ಜಾಸ್ತಿ ಕಾಣುತ್ತದೆ. ನಾನಂತೂ ಎಫ್‌ಪಿಎಸ್ ಮಾತ್ರ ನೋಡಿ ಜೂಲ್ ಕೈಯಲ್ಲೇ ಲೆಕ್ಕ ಹಾಕುತ್ತೇನೆ.

ಹತ್ತು ಗುಂಡು, ಒಂದೊಂದೇ

ಎರಡು ಸಲ ಅಳೆಯಬೇಕು. ಮೊದಲು 0.20ರಲ್ಲಿ, ಬೇರೆಯವರ ಜೊತೆ ಹೋಲಿಸಲು. ಆಮೇಲೆ ನೀವು ನಿಜವಾಗಿ ಆಟಕ್ಕೆ ಹಾಕುವ ಬಿಬಿಯಲ್ಲಿ, ಆ ಬಿಬಿಗೆ ಹೊಂದಿಸಿದ ಹಾಪ್-ಅಪ್‌ನಲ್ಲೇ. ಹಾಪ್-ಅಪ್ ಅಂದರೆ ಬಿಬಿಗೆ ಹಿಂದಕ್ಕೆ ತಿರುಗುವ ಸುತ್ತು ಕೊಡುವ ರಬ್ಬರು, ಅದು ಬಿಬಿಯನ್ನು ಕೊಂಚ ತಡೆದು ಬಿಡುತ್ತದೆ, ಹಾಗಾಗಿ ಅದನ್ನು ತಿರುಗಿಸಿದರೆ ವೇಗವೂ ಬದಲಾಗುತ್ತದೆ.

ಪ್ರತಿ ಸಲವೂ ಮೊದಲ ಎರಡು ಗುಂಡು ಲೆಕ್ಕಕ್ಕಿಲ್ಲ. ಮುಂದಿನ ಹತ್ತನ್ನು ಬರೆದುಕೊಳ್ಳಿ. ಒಂದು ಚೆನ್ನಾಗಿರುವ ಎಇಜಿಯ (ಬ್ಯಾಟರಿ ಗನ್ನಿನ) ಸಾಲು ಹೀಗಿರುತ್ತದೆ: 348, 351, 349, 350, 347, 352, 349, 351, 348, 350. ಸರಾಸರಿ 349.5, ಮೇಲಿಗೂ ಕೆಳಗಿಗೂ ಅಂತರ 5. ಇನ್ನೊಂದು ಗನ್ನಿನಲ್ಲಿ 352, 331, 346, 318 ಅಂತ ಕುಣಿಯುತ್ತಿದ್ದರೆ ಸರಾಸರಿ ತೆಗೆದು ಉಪಯೋಗವಿಲ್ಲ, ಎಲ್ಲೋ ಗಾಳಿ ಸೋರುತ್ತಿದೆ. ಪಿಸ್ಟನ್ನಿನ ಓ-ರಿಂಗ್ (ರಬ್ಬರ್ ಬಳೆ), ನಾಜಲ್ (ಬಿಬಿಯ ಹಿಂದೆ ಗಾಳಿ ಬಿಡುವ ಮೂತಿ), ಹಾಪ್ ರಬ್ಬರು, ಈ ಮೂರನ್ನು ಮೊದಲು ನೋಡಿ. ಮುನ್ನೂರರ ಸಾಲಿನಲ್ಲಿ ಒಂದು 612 ಬಂದರೆ ಅದು ಗನ್ನಿನ ಶೌರ್ಯವಲ್ಲ, ಕ್ರೋನೋದ ಕಣ್ತಪ್ಪು. ಆ ಅಂಕಿಯನ್ನು ಬಿಟ್ಟು, ಇನ್ನೊಂದು ಗುಂಡು ಸೇರಿಸಿ.

ಮಿತಿಗೆ ಹೋಲಿಸುವಾಗ ಮಾತ್ರ ಸರಾಸರಿಯನ್ನಲ್ಲ, ಹತ್ತರಲ್ಲಿ ಅತಿ ಜಾಸ್ತಿ ಬಂದದ್ದನ್ನು ಹಿಡಿಯಿರಿ. ಎದುರಿನವರಿಗೆ ತಾಗುವುದು ಸರಾಸರಿ ಬಿಬಿ ಅಲ್ಲ, ಅಲ್ವಾ?

ಸ್ಪ್ರಿಂಗ್ ಗನ್ನು, ಬೋಲ್ಟ್ ಎಳೆಯುವ ಸ್ನೈಪರ್

ಇದು ಅಳೆಯಲು ಸುಲಭ. ಒಂದು ಎಳೆತ, ಒಂದು ಗುಂಡು. ಬಿಸಿ ತಂಪಿಗೆ ಹೆಚ್ಚು ಬಗ್ಗುವುದಿಲ್ಲ. ಬಹಳ ದಿನ ಮೂಲೆಯಲ್ಲಿದ್ದ ಗನ್ನಾದರೆ ಓ-ರಿಂಗ್ ಒಣಗಿರುತ್ತದೆ, ಹತ್ತಿಪ್ಪತ್ತು ಗುಂಡು ಹೊಡೆದ ಮೇಲೆ ಅಂಕಿ ನೆಲೆಗೊಳ್ಳುತ್ತದೆ. ಹೊಸ ಸ್ಪ್ರಿಂಗ್ ಹಾಕಿದ್ದರೆ ಮೊದಲ ದಿನದ ಅಂಕಿ ನಂಬಬೇಡಿ, ಅದು ಕುಳಿತುಕೊಳ್ಳುತ್ತಾ ಸ್ವಲ್ಪ ಇಳಿಯುತ್ತದೆ. ಬೋಲ್ಟ್ ಎಳೆದಿಟ್ಟು ಮಾತಿಗೆ ನಿಲ್ಲಬೇಡಿ. ಸ್ನೈಪರ್‌ಗಳ ಸಿಲಿಂಡರ್ ದೊಡ್ಡದು, ಭಾರದ ಬಿಬಿ ಹಾಕಿದಾಗ ಜೂಲ್ ಏರಬಹುದು. ಆದ್ದರಿಂದ 0.20ರಲ್ಲಿ ಅಳೆದು ಬಿಟ್ಟರೆ ಸಾಲದು.

ಎಇಜಿ

ಬ್ಯಾಟರಿ, ಮೋಟಾರ್, ಗೇರು ಸೇರಿ ಸ್ಪ್ರಿಂಗನ್ನು ಎಳೆದು ಬಿಡುವ ಗನ್ನು. ವೇಗ ನಿರ್ಧಾರ ಮಾಡುವುದು ಸ್ಪ್ರಿಂಗ್ ಮತ್ತು ಗಾಳಿ ಸೋರದಿರುವುದು. ದೊಡ್ಡ ಬ್ಯಾಟರಿ ಹಾಕಿದರೆ ಸೆಕೆಂಡಿಗೆ ಹೆಚ್ಚು ಗುಂಡು ಬರುತ್ತವೆ, ಒಂದೊಂದರ ಏಟು ಹೆಚ್ಚುಕಡಿಮೆ ಅಷ್ಟೇ. ಎಂ100, ಎಂ120 ಅನ್ನುವ ಸ್ಪ್ರಿಂಗ್ ಹೆಸರುಗಳು 0.20 ಬಿಬಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಅಂತ ಅಂದಾಜಿನಲ್ಲಿ ಹೇಳುತ್ತವೆ, ಆಣೆ ಮಾಡಿ ಹೇಳುವುದಲ್ಲ. ಸೆಮಿಯಲ್ಲಿ, ಅಂದರೆ ಒಂದು ಸಲ ಟ್ರಿಗರ್ ಒತ್ತಿದರೆ ಒಂದೇ ಗುಂಡು ಬರುವಂತೆ ಇಟ್ಟು ಅಳೆಯಿರಿ. ಮುಗಿದ ಮೇಲೆ ಬ್ಯಾಟರಿ ಬಿಚ್ಚಿ, ಅದಕ್ಕೂ ಮುಂಚೆ ಮ್ಯಾಗಜಿನ್ ಇಲ್ಲದೆ ಪೆಟ್ಟಿಗೆ ಕಡೆ ಕೆಲವು ಸಲ ಸೆಮಿಯಲ್ಲಿ ಹೊಡೆಯುವುದನ್ನು ಮರೆಯಬೇಡಿ.

ಗ್ಯಾಸ್ ಗನ್ನು: ಹೆಚ್ಚು ಮಂದಿ ಎಡವುವ ಜಾಗ

ಸ್ಪ್ರಿಂಗ್ ಗನ್ನಿನಲ್ಲಿ ಸಿಲಿಂಡರಿನಲ್ಲಿ ಎಷ್ಟು ಗಾಳಿ ಇದೆಯೋ ಅಷ್ಟೇ ಬಿಬಿಯನ್ನು ತಳ್ಳುತ್ತದೆ. ಗ್ಯಾಸಿನ ಕಥೆ ಬೇರೆ. ವಾಲ್ವ್ ತೆರೆದಷ್ಟು ಹೊತ್ತೂ ಗ್ಯಾಸ್ ಬರುತ್ತಲೇ ಇರುತ್ತದೆ. ಹಗುರ ಬಿಬಿ ಬೇಗ ನಳಿಗೆ ದಾಟಿ ಹೊರಗೆ ಓಡಿಬಿಡುತ್ತದೆ, ಉಳಿದ ಗ್ಯಾಸ್ ಅದರ ಹಿಂದೆ ವ್ಯರ್ಥವಾಗಿ ಹೋಗುತ್ತದೆ. ಭಾರದ ಬಿಬಿ ನಿಧಾನ, ನಳಿಗೆಯಲ್ಲಿ ಜಾಸ್ತಿ ಹೊತ್ತು ಇರುತ್ತದೆ, ಆ ವ್ಯರ್ಥವಾಗಬೇಕಿದ್ದ ಗ್ಯಾಸೂ ಬೆನ್ನಿಗೆ ಬೀಳುತ್ತದೆ. ಇದಕ್ಕೆ ಜೂಲ್ ಕ್ರೀಪ್ ಅನ್ನುತ್ತಾರೆ.

ಅಂಕಿಯಲ್ಲಿ ನೋಡಿ. ಒಂದು ಗ್ಯಾಸ್ ರೈಫಲ್ 0.20ರಲ್ಲಿ 350 ಎಫ್‌ಪಿಎಸ್ ತೋರಿಸಿತು ಅಂದುಕೊಳ್ಳಿ, 1.14 ಜೂಲ್. ಅದೇ ಏಟು ಇದ್ದಿದ್ದರೆ 0.32 ಬಿಬಿಯಲ್ಲಿ 277 ಬರಬೇಕಿತ್ತು. ಆದರೆ ಬಂದದ್ದು 310. ಲೆಕ್ಕ ಹಾಕಿದರೆ 1.43 ಜೂಲ್. ಎಫ್‌ಪಿಎಸ್ ಇಳಿದಿದೆ, ಏಟು ಏರಿದೆ. ಬರೀ ಎಫ್‌ಪಿಎಸ್ ನೋಡುವವರು "ಇಳೀತಲ್ಲ" ಅಂತ ಖುಷಿಯಾಗಿ ಒಳಗೆ ಬಿಡುತ್ತಾರೆ. ಇದಕ್ಕೇ ಆಟದ ಬಿಬಿಯಲ್ಲಿ ಅಳೆಯಬೇಕು ಅಂತ ನಾನು ಹಟ ಹಿಡಿಯುವುದು. ನಳಿಗೆ ಉದ್ದವಿದ್ದು ಸಿಲಿಂಡರ್ ಸಣ್ಣದಿರುವ ಎಇಜಿಗಳಲ್ಲಿ ಇದರ ಉಲ್ಟಾ ಆಗುತ್ತದೆ, ಭಾರದ ಬಿಬಿಗೆ ಗಾಳಿ ಸಾಲದೆ ಜೂಲ್ ಇಳಿಯುತ್ತದೆ.

ಇನ್ನೊಂದು ಸಂಗತಿ ಬಿಸಿ. ಗ್ರೀನ್ ಗ್ಯಾಸ್ ಅಂದರೆ ಮುಖ್ಯವಾಗಿ ಪ್ರೊಪೇನ್. 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಒತ್ತಡ ಸುಮಾರು 6.4 ಬಾರ್, 20ರಲ್ಲಿ 8.4, 30ರಲ್ಲಿ 10.8. ಬೆಳಿಗ್ಗೆ ತಂಪಿನಲ್ಲಿ ಪಾಸಾದ ಪಿಸ್ತೂಲು ಮಧ್ಯಾಹ್ನದ ಬಿಸಿಲಿಗೆ ಮಿತಿ ದಾಟಬಹುದು. ಉಲ್ಟಾ ಕೂಡ ನಿಜ: ದ್ರವ ಗ್ಯಾಸ್ ಆವಿಯಾಗುವಾಗ ಮ್ಯಾಗಜಿನ್ನಿನ ಬಿಸಿ ಹೀರುತ್ತದೆ, ಪಟಪಟ ಹೊಡೆದರೆ ಮ್ಯಾಗಜಿನ್ ತಣ್ಣಗಾಗಿ ವೇಗ ಬೀಳುತ್ತಾ ಹೋಗುತ್ತದೆ. ಮುಟ್ಟಿ ನೋಡಿದರೆ ಕೈಗೇ ಗೊತ್ತಾಗುತ್ತದೆ. ಹಾಗಾಗಿ ಗ್ಯಾಸ್ ತುಂಬಿದ ಮೇಲೆ ಕೆಲವು ನಿಮಿಷ ಬಿಡಿ. ಒಂದು ಗುಂಡಿಗೂ ಮುಂದಿನದಕ್ಕೂ ನಡುವೆ ಹದಿನೈದು ಇಪ್ಪತ್ತು ಸೆಕೆಂಡು ಕಾಯಿರಿ. ಅಂಕಿಯ ಪಕ್ಕದಲ್ಲಿ ಆವತ್ತಿನ ಡಿಗ್ರಿಯನ್ನೂ ಬರೆಯಿರಿ, ಬಿಸಿಲು ಏರಿದ ಮೇಲೆ ಮತ್ತೊಮ್ಮೆ ಅಳೆಯಿರಿ.

ಗ್ಯಾಸ್ ತುಂಬುವಾಗ ಡಬ್ಬಿ ತಲೆಕೆಳಗು, ಮುಖದಿಂದ ದೂರ. ಚಿಮ್ಮಿದ ದ್ರವ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಗಾಯವಾಗುತ್ತದೆ. ಪ್ರೊಪೇನ್ ಹತ್ತಿಕೊಳ್ಳುವ ಗ್ಯಾಸು, ಪಕ್ಕದಲ್ಲಿ ಸಿಗರೇಟ್ ಬೇಡ.

ಸಿಒ2 ಗನ್ನಿಗೂ ಇದೇ ಕ್ರಮ, ಒತ್ತಡ ಮಾತ್ರ ಇನ್ನೂ ಜಾಸ್ತಿ, 20 ಡಿಗ್ರಿಯಲ್ಲಿ ಸುಮಾರು 57 ಬಾರ್. ಹೊಸ 12 ಗ್ರಾಂ ಕ್ಯಾಪ್ಸೂಲಿನ ಮೊದಲ ಗುಂಡುಗಳೇ ಜೋರು, ಆದ್ದರಿಂದ ಅರ್ಧ ಮುಗಿದ ಕ್ಯಾಪ್ಸೂಲಿನಲ್ಲಿ ಅಳೆದು ತೋರಿಸಬೇಡಿ. ಒಳಗೆ ಒತ್ತಡ ಇರುವಾಗ ಕ್ಯಾಪ್ಸೂಲ್ ಬಿಚ್ಚಬೇಡಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಇಡಬೇಡಿ.

ಎಚ್‌ಪಿಎ

ಹೈ ಪ್ರೆಷರ್ ಏರ್, ಅಂದರೆ ಅತಿ ಒತ್ತಡದ ಗಾಳಿಯಲ್ಲಿ ಓಡುವ ಗನ್ನು. ತೊಟ್ಟಿಯಲ್ಲಿ 3000 ಅಥವಾ 4500 ಪಿಎಸ್‌ಐ ಗಾಳಿ, ರೆಗ್ಯುಲೇಟರ್ ಅದನ್ನು ನೂರರ ಆಸುಪಾಸಿಗೆ ಇಳಿಸಿ ಗನ್ನಿಗೆ ಕೊಡುತ್ತದೆ. ಅಂಕಿಗಳು ಬಹಳ ಸಮ, ಅಳೆಯಲು ಖುಷಿ. ತೊಂದರೆ ಏನೆಂದರೆ ರೆಗ್ಯುಲೇಟರಿನ ಒಂದು ಸ್ಕ್ರೂ ತಿರುಗಿಸಿದರೆ ಏಟು ಬದಲಾಗುತ್ತದೆ. ಅಳೆದ ಮೇಲೆ ಆ ಸ್ಕ್ರೂಗೆ ಬೀಗ ಹಾಕಿ, ಅದಕ್ಕಂತಲೇ ಟೂರ್ನಮೆಂಟ್ ಲಾಕ್ ಸಿಗುತ್ತದೆ. ಜೂಲ್ ಕ್ರೀಪ್ ಇಲ್ಲೂ ಇದೆ, ವಾಲ್ವ್ ಹೆಚ್ಚು ಹೊತ್ತು ತೆರೆದಿರುವಂತೆ ಹೊಂದಿಸಿದ್ದರೆ ಇನ್ನೂ ಜಾಸ್ತಿ.

ಇನ್ನೊಂದು ಪರೀಕ್ಷೆ ಮಾಡಿ. ಗನ್ನನ್ನು ಎರಡು ನಿಮಿಷ ಮುಟ್ಟದೆ ಬಿಟ್ಟು ಒಂದೇ ಗುಂಡು ಹೊಡೆಯಿರಿ. ಅದೊಂದೇ ಗುಂಡು ಉಳಿದವಕ್ಕಿಂತ ಬಹಳ ಮೇಲೆ ಹೋದರೆ ರೆಗ್ಯುಲೇಟರ್ ಸೋರಿ ಒತ್ತಡ ಏರುತ್ತಿದೆ, ರಿಪೇರಿಗೆ ಕೊಡಿ. ಆಟದಲ್ಲಿ ಅಡಗಿ ಕೂತು ಹೊಡೆಯುವ ಮೊದಲ ಗುಂಡು ಅದೇ ಆಗಿರುತ್ತದೆ.

ಒಂದೇ ಸಲಕ್ಕೆ ಮೂರೋ ಆರೋ ಬಿಬಿ ಬಿಡುವ ಶಾಟ್‌ಗನ್ನಿನಲ್ಲಿ ಕ್ರೋನೋಗೆ ಗೊಂದಲ. ಮೊದಲ ಬಿಬಿಗೆ ಗಡಿಯಾರ ಶುರು ಮಾಡಿ ಮತ್ತೊಂದಕ್ಕೆ ನಿಲ್ಲಿಸುತ್ತದೆ. ಹಲವು ಸಲ ಹೊಡೆದು, ಮತ್ತೆ ಮತ್ತೆ ಒಂದೇ ಕಡೆ ಬರುವ ಅಂಕಿಯನ್ನು ಹಿಡಿಯಿರಿ, ಒಂಟಿಯಾಗಿ ಹಾರಿದ್ದನ್ನು ಬಿಡಿ.

ಕ್ರೋನೋ ಇಲ್ಲದಿದ್ದರೆ

ತಗಡಿನ ಡಬ್ಬಿಗೆ ಹೊಡೆದು ತೂತಾಯಿತೇ ಅಂತ ನೋಡುವುದು ಅಳತೆಯಲ್ಲ. ಒಂದು ಡಬ್ಬಿಯ ತಗಡು ಇನ್ನೊಂದರ ಹಾಗಿರುವುದಿಲ್ಲ, ಬಿಬಿ ಹಿಂದಕ್ಕೂ ಸಿಡಿಯುತ್ತದೆ. ಕೈಗೆ ಹೊಡೆದುಕೊಂಡು ನೋಡುವ ಶೂರರ ಬಗ್ಗೆ ಏನೂ ಹೇಳುವುದಿಲ್ಲ.

ಫೋನಿನಲ್ಲಿ ಶಬ್ದ ಹಿಡಿದು ಅಂದಾಜು ಮಾಡಬಹುದು. ನಳಿಗೆಯಿಂದ ಸರಿಯಾಗಿ 5 ಮೀಟರ್ ದೂರದಲ್ಲಿ ರಟ್ಟಿನ ಪೆಟ್ಟಿಗೆ ಇಡಿ. ಫೋನನ್ನು ಎರಡರಿಂದಲೂ ಸಮ ದೂರದಲ್ಲಿ, ಬಿಬಿಯ ದಾರಿಯಿಂದ ಚೆನ್ನಾಗಿ ಪಕ್ಕಕ್ಕೆ ಇಡಿ. ಸಮ ದೂರ ಇದ್ದರೆ ಎರಡೂ ಶಬ್ದ ಫೋನಿಗೆ ಬರಲು ಒಂದೇ ಹೊತ್ತು ಹಿಡಿಯುತ್ತದೆ, ಅದನ್ನು ಕಳೆಯುವ ಲೆಕ್ಕ ಬೇಕಾಗುವುದಿಲ್ಲ. ರೆಕಾರ್ಡಿಂಗನ್ನು ಹಿಗ್ಗಿಸಿ ನೋಡಿದರೆ ಟಪ್ ಅನ್ನುವ ಎರಡು ಗುಡ್ಡೆ ಕಾಣುತ್ತವೆ. ನಡುವೆ 50 ಮಿಲಿಸೆಕೆಂಡ್ ಇದ್ದರೆ ವೇಗ ಸೆಕೆಂಡಿಗೆ 100 ಮೀಟರ್. ಒಂದೇ ಮಿಲಿಸೆಕೆಂಡ್ ತಪ್ಪಿದರೂ ಜೂಲ್ ಶೇಕಡಾ 4 ತಪ್ಪುತ್ತದೆ. ಜೊತೆಗೆ ಇದು ದಾರಿಯ ಸರಾಸರಿ ವೇಗ, ನಳಿಗೆ ಬಾಯಿಯ ವೇಗ ಇದಕ್ಕಿಂತ ಜಾಸ್ತಿಯೇ ಇರುತ್ತದೆ. ಸ್ಪ್ರಿಂಗ್ ಬದಲಿಸಿದ ಮೇಲೆ ಏರಿತೋ ಇಳಿಯಿತೋ ನೋಡಲು ಸಾಕು, ಮೈದಾನದ ಮಿತಿಗೆ ಸಾಲದು.

ಮಿತಿ ದಾಟಿದರೆ

ಎಇಜಿ, ಸ್ನೈಪರ್ ಆದರೆ ಒಂದು ಅಂಕಿ ಕೆಳಗಿನ ಸ್ಪ್ರಿಂಗ್ ಹಾಕಿ. ಇರುವ ಸ್ಪ್ರಿಂಗನ್ನೇ ಕತ್ತರಿಸುವವರಿದ್ದಾರೆ, ನನಗೆ ಅದು ಸರಿ ಬರುವುದಿಲ್ಲ, ಎಷ್ಟು ಇಳಿಯುತ್ತದೆ ಅಂತ ಗೊತ್ತಾಗುವುದಿಲ್ಲ, ತುದಿ ಓರೆಯಾಗಿ ಕೂತು ಕಾಟ ಕೊಡುತ್ತದೆ. ಎಚ್‌ಪಿಎ ಆದರೆ ಒತ್ತಡ ಇಳಿಸಿ. ಗ್ಯಾಸ್ ಆದರೆ ಕಡಿಮೆ ಒತ್ತಡದ ಗ್ಯಾಸ್, ಇಲ್ಲವೇ ಗ್ಯಾಸಿನ ಹರಿವು ಕಡಿಮೆ ಮಾಡುವ ನಾಜಲ್ ವಾಲ್ವ್. ಏನೇ ಬದಲಿಸಿದರೂ ನೂರು ಗುಂಡು ಹೊಡೆದ ಮೇಲೆ ಮತ್ತೆ ಅಳೆದು, ಬಿಬಿ ತೂಕ, ಹಾಪ್, ಡಿಗ್ರಿ, ಅತಿ ಹೆಚ್ಚು ಎಫ್‌ಪಿಎಸ್, ಜೂಲ್ ಇಷ್ಟನ್ನೂ ಒಂದು ಚೀಟಿಯಲ್ಲಿ ಮತ್ತೆ ಬರೆದು, ಗನ್ನಿನ ಬ್ಯಾಗಿನೊಳಗೆ ಅಂಟಿಸಿ. ಹಳೆ ಚೀಟಿ ಕಿತ್ತು ಹಾಕಿ, ಇಲ್ಲದಿದ್ದರೆ ಆರು ತಿಂಗಳು ಬಿಟ್ಟು ಯಾವುದು ಯಾವಾಗಿನದು ಅಂತ ನಿಮಗೇ ತಿಳಿಯುವುದಿಲ್ಲ.